ಹನ್ನೊಂದು ನಿಮಿಷದ ಹೂವು

ಚಪ್ಪಲಿಯ ಪಟ್ಟಿ ಬಿಚ್ಚಲೆಂದು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಿದ್ದ ಇಂದುಮತಿಯ ಮಡಿಲಿಗೆ ಶಾಲೆಯ ಡೈರಿಯೊಂದು ಬಂದು ಬಿತ್ತು.

"ಓದು. ನೀನೇ ಓದು," ಎಂದಳು ಅಕ್ಕ ಸುಮಿತ್ರ. "ನನಗೆ ಓದಿ ಓದಿ ಸಾಕಾಯ್ತು."

ಕೆಂಪು ಬಾಲ್‌ಪೆನ್ನಿನಲ್ಲಿ, ಇಂಗ್ಲಿಷಿನಲ್ಲಿ ಎರಡೇ ಸಾಲು. ನಾಲ್ಕನೇ ತರಗತಿಯ ಅನ್ವಿತಾ ವಿಜ್ಞಾನದ ಪ್ರಯೋಗದಲ್ಲಿ ಮೋಸ ಮಾಡಿದ್ದಾಳೆ. ನಾಳೆ ಬೆಳಿಗ್ಗೆ ಪೋಷಕರು ಬಂದು ಕಾಣಬೇಕು. ಕೆಳಗೆ ಮೇರಿ ಟೀಚರ ಸಹಿ. ಮೋಸ ಎಂಬ ಪದದ ಅಡಿಗೆ ಗೆರೆ ಎಳೆದಿದ್ದರು. ಎಷ್ಟು ಒತ್ತಿ ಎಳೆದಿದ್ದರೆಂದರೆ ಹಾಳೆಯ ಹಿಂಬದಿಯಲ್ಲೂ ಆ ಗೆರೆ ಬೆರಳಿಗೆ ಸಿಗುತ್ತಿತ್ತು.

"ಎಂತ ಮಾಡಿದ್ದು ಅವಳು?"

"ಹೂವಿಗೆ ಬಣ್ಣ ಬಳಿದು ತಕೊಂಡು ಹೋಗಿದ್ದಾಳೆ ಮಾರಾಯ್ತಿ. ನಂದಿಬಟ್ಟಲು ಹೂವಿಗೆ. ಬಾಟ್ಲಿ ನೀರಿಗೆ ಕೆಂಪು ಇಂಕು ಹಾಕಿ ಅದ್ರಲ್ಲಿ ದಂಟು ಇಟ್ರೆ ನೀರು ಮೇಲೆ ಹತ್ತಿ ಹೂವು ಕೆಂಪಾಗ್ಲಿಕ್ಕುಂಟಂತೆ. ಇವಳದ್ದು ಆಗ್ಲಿಲ್ಲ. ಅದಕ್ಕೆ ಪೇಂಟು. ಚಂದ ಬಂದಿದೆ ಅಂತ ಟೀಚರ್ ಕೈಗೆ ತಕೊಂಡ್ರೆ ಅವರ ಬೆರಳೆಲ್ಲ ಕೆಂಪು, ಸೀರೆಗೂ ತಾಗಿದೆ. ಮತ್ತೆ ಬಿಡ್ತಾರಾ? ಇಡೀ ಕ್ಲಾಸಿನ ಎದುರು ನಿಲ್ಲಿಸಿದ್ರಂತೆ, ಒಂದು ಪೀರಿಯಡ್." ಸುಮಿತ್ರ ಉಸಿರು ತೆಗೆದುಕೊಂಡಳು. "ಅದು ನಿಮ್ಮ ಸೀಡಿಯ ಪಾಠವೇ ಅಲ್ವಾ?"

ಇಂದುಮತಿಗೆ ಒಂದು ಚಪ್ಪಲಿ ಕಳಚಿ ಆಗಿತ್ತು. ಇನ್ನೊಂದರ ಪಟ್ಟಿಗೆ ಹೋದ ಕೈ ಅಲ್ಲೇ ನಿಂತಿತು.

"ಹೌದು," ಎಂದಳು. "ನಮ್ಮದೇ."

"ಸರಿಯಾದ ಹೊತ್ತಿಗೇ ಬಂದೆ ನೀನು. ಅವಳಿಗೆ ಸ್ವಲ್ಪ ಬುದ್ಧಿ ಹೇಳು. ಪಾಠ ಮಾಡಿದವಳೇ ಹೇಳಿದ್ರೆ ಮಂಡೆಯೊಳಗೆ ಹೋಗ್ತದೆ. ನಾನು ಕನ್ನಡದಲ್ಲಿ ಬೈದ್ರೆ ಅವಳು ಮಲಯಾಳದಲ್ಲಿ ತಿರುಗಿ ಹೇಳ್ತಾಳೆ. ಅರ್ಧ ನನಗೆ ಗೊತ್ತೇ ಆಗುದಿಲ್ಲ."

ಇಂದುಮತಿ ಬಂದದ್ದು ಅಕ್ಕನ ಮನೆಗೆಂದಲ್ಲ, ಕಂಪೆನಿಯ ಕೆಲಸಕ್ಕೆ. ತಿರುವನಂತಪುರದ ಕಳಕ್ಕೂಟಂನ ಐಟಿ ಪಾರ್ಕಿನ ಒಂದು ಮೂಲೆಯಲ್ಲಿರುವ ಅವಳ ಕಂಪೆನಿ ಪ್ರಾಥಮಿಕ ಶಾಲೆಗಳಿಗೆ ವಿಜ್ಞಾನದ ವೀಡಿಯೊ ಪಾಠಗಳನ್ನು ಮಾಡುತ್ತಿತ್ತು. ಜೂನಿನಲ್ಲಿ ಪರೀಕ್ಷೆಗೆಂದು ಕೊಚ್ಚಿಯ ಮೂರು ಶಾಲೆಗಳಿಗೆ ಸೀಡಿಗಳನ್ನು ಕೊಟ್ಟಿದ್ದರು. ಅದರಲ್ಲೊಂದು ವೈಟ್ಟಿಲದ ಈ ಶಾಲೆ, ಅನ್ವಿತಾಳದು. ಅಲ್ಲಿಗೆ ಸೀಡಿ ತಲುಪುವುದರಲ್ಲಿ ಸುಮಿತ್ರಳ ಪಾತ್ರವೂ ಇತ್ತು. ಪೋಷಕರ ಸಭೆಯಲ್ಲಿ ಎದ್ದು ನಿಂತು, ತನಗೆ ಬರುವಷ್ಟು ಇಂಗ್ಲಿಷಿನಲ್ಲಿ, ನನ್ನ ತಂಗಿ ಬಾಟನಿ ಎಂ.ಎಸ್ಸಿ., ಅವಳೇ ಇದನ್ನು ಮಾಡುವುದು ಎಂದು ಹೇಳಿದ್ದಳು. ಈಗ ಮೂರೂ ಶಾಲೆಗಳಿಂದ ಅಭಿಪ್ರಾಯದ ಫಾರಂ ತುಂಬಿಸಿಕೊಂಡು ಬರಬೇಕು. ಮಕ್ಕಳು ಪ್ರಯೋಗ ಮಾಡಿದರೇ, ಎಷ್ಟು ಮಕ್ಕಳಿಗೆ ಫಲಿತಾಂಶ ಬಂತು. ಅಂಕಿಗಳು ಚೆನ್ನಾಗಿ ಬಂದರೆ ಮುಂದಿನ ವರ್ಷ ರಾಜ್ಯದ ಉದ್ದಕ್ಕೂ ನೂರಾರು ಶಾಲೆಗಳು. ಇಂದುಮತಿಯ ಕೆಲಸವೂ ಖಾಯಂ.

ಅವಳು ಎರಡನೇ ಚಪ್ಪಲಿಯನ್ನು ಕಳಚಿ, ಎರಡನ್ನೂ ಗೋಡೆಗೆ ಒತ್ತಿ ಸಾಲಾಗಿ ಇಟ್ಟಳು. ಯಾವತ್ತೂ ಹಾಗೆ ಇಡುವವಳಲ್ಲ.

ಆ ಪಾಠದ ಶೂಟಿಂಗ್ ನಡೆದದ್ದು ಏಪ್ರಿಲಿನಲ್ಲಿ. ಸ್ಟುಡಿಯೊ ಎಂದರೆ ಮೂರನೇ ಮಹಡಿಯ ಒಂದು ಕೋಣೆ. ಕಿಟಕಿಗೆ ಕಪ್ಪು ಬಟ್ಟೆ, ಎರಡು ದೊಡ್ಡ ದೀಪ, ಮೈ ನಡುಗಿಸುವ ಎಸಿ. ಇಂದುಮತಿ ಬರೆದ ಸ್ಕ್ರಿಪ್ಟಿನಲ್ಲಿ ಇದ್ದದ್ದು ಸುಗಂಧರಾಜ. ಅದು ನೀರನ್ನು ಸಲೀಸಾಗಿ ಎಳೆದುಕೊಳ್ಳುತ್ತದೆ, ನಾಲ್ಕೈದು ಗಂಟೆಯಲ್ಲಿ ಎಸಳಿನ ಅಂಚಿಗೆ ಬಣ್ಣ ಬರುತ್ತದೆ. ಆದರೆ ಆ ದಿನ ಹರತಾಳ. ಪೇಟೆಯಿಂದ ಹೂವು ಬರಲಿಲ್ಲ. ಎಲ್ಲರಿಗೂ ಅಕ್ಕನಾದ ಪ್ರೊಡ್ಯೂಸರ್ ಗ್ರೇಸಿ ಚೇಚಿ ಕಿಟಕಿಯ ಕಪ್ಪು ಬಟ್ಟೆ ಸರಿಸಿ ಕೆಳಗಿನ ಗೇಟನ್ನು ತೋರಿಸಿದರು. ಗೇಟಿನ ಪಕ್ಕ ನಂದಿಬಟ್ಟಲಿನ ಗಿಡ ಬಿಳಿಬಿಳಿಯಾಗಿ ನಿಂತಿತ್ತು.

"ಬಿಳಿ ಹೂವು ತಾನೇ ಬೇಕಾದದ್ದು? ಅಲ್ಲಿದೆಯಲ್ಲ. ಎಲ್ಲ ಮಕ್ಕಳ ಮನೆಯಲ್ಲೂ ಇರುವ ಹೂವು. ಇನ್ನೂ ಒಳ್ಳೆಯದಾಯಿತು."

ನಂದಿಬಟ್ಟಲಿನ ದಂಟು ಮುರಿದರೆ ಹಾಲು ಬರುತ್ತದೆ. ಆ ಹಾಲು ಗಾಳಿಗೆ ಗಟ್ಟಿಯಾಗಿ ದಂಟಿನ ಬಾಯಿಯನ್ನು ಕಟ್ಟಿಬಿಡುತ್ತದೆ. ಆಮೇಲೆ ನೀರು ಮೇಲೆ ಹತ್ತುವುದಾದರೂ ಎಲ್ಲಿಂದ? ಇದು ಇಂದುಮತಿಗೆ ಗೊತ್ತಿತ್ತು. ಗೊತ್ತಿತ್ತು ಎಂಬುದೇ ಆಮೇಲೆ ಅವಳನ್ನು ಕೊರೆದದ್ದು. ಆ ಗಳಿಗೆಯಲ್ಲಿ ಮಾತ್ರ, ಸೇರಿ ಐದು ತಿಂಗಳಾಗಿದ್ದವಳು, ಮಲಯಾಳಂ ಇನ್ನೂ ತೊದಲುತ್ತಿದ್ದವಳು, ನೋಡೋಣ, ಸ್ವಲ್ಪವಾದರೂ ಹತ್ತಬಹುದು ಎಂದುಕೊಂಡು ಸುಮ್ಮನಾದಳು.

ಹತ್ತಲಿಲ್ಲ. ಮಧ್ಯಾಹ್ನದವರೆಗೆ ಕಾದರು. ಹೂವು ದೀಪದ ಬಿಸಿಗೆ ಬಾಡತೊಡಗಿತೇ ಹೊರತು ಕೆಂಪಾಗಲಿಲ್ಲ.

"ಮೇಡಂ, ನಿಮ್ ಹೂವು ಸ್ಟ್ರೈಕ್ ಮಾಡ್ತಿದೆ," ಎಂದ ಕ್ಯಾಮೆರಾದ ತರುಣ್, ಬೆಂಗಳೂರಿನವನು. "ಇವತ್ತು ಹರತಾಳ ಅಂತ ಅದಕ್ಕೂ ಯಾರೋ ಹೇಳಿಬಿಟ್ಟಿದಾರೆ."

ಗ್ರೇಸಿ ಚೇಚಿ ನಗಲಿಲ್ಲ. ಗಡಿಯಾರ ನೋಡಿ, "ಮಗಳೇ, ಪಾಠ ಇರುವುದು ಹನ್ನೊಂದು ನಿಮಿಷ. ಹೂವಿಗೆ ಅದು ಗೊತ್ತಿಲ್ಲ. ನಿನಗೆ ಗೊತ್ತಿರಬೇಕು," ಎಂದರು. ಆಮೇಲೆ ಡಿಸೈನ್ ವಿಭಾಗದಿಂದ ಒಂದು ಕುಂಚ ತರಿಸಿ ಮೇಜಿನ ಮೇಲಿಟ್ಟರು. ಹಚ್ಚು ಎಂದು ಬಾಯಿ ಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯ ಬೀಳಲಿಲ್ಲ.

ಹೊಸದೊಂದು ಹೂವು ತಂದು, ಇಂಕಿನಲ್ಲಿ ಕುಂಚದ ತುದಿಯನ್ನಷ್ಟೇ ಅದ್ದಿ, ಇಂದುಮತಿ ಎಸಳಿನ ಬುಡದಿಂದ ಹೊರಕ್ಕೆ ನರಗಳ ಗುಂಟ ಬಣ್ಣ ಹರಿಸಿದಳು. ಬುಡದಲ್ಲಿ ದಟ್ಟ, ಅಂಚಿಗೆ ಬಂದಂತೆ ತೆಳು. ನಿಜವಾಗಿ ನೀರು ಹತ್ತಿದ್ದರೆ ಬಣ್ಣ ಎಲ್ಲೆಲ್ಲಿ ಹೇಗೆ ಕಾಣುತ್ತಿತ್ತೋ ಹಾಗೇ. ಅವಳ ಎಂ.ಎಸ್ಸಿ. ಆ ದಿನ ಉಪಯೋಗಕ್ಕೆ ಬಂದದ್ದು ಅಷ್ಟಕ್ಕೇ. "ಕಲೆ ಅಂದ್ರೆ ಇದು," ಎಂದು ತರುಣ್ ಹತ್ತಿರದಿಂದ ಚಿತ್ರಿಸಿಕೊಂಡ. ಹೂವನ್ನು ಬಾಟಲಿಯಲ್ಲಿಟ್ಟು ತಿರುಗಿಸುವ ಕೈ ಅವಳದೇ. ಈಗ ನೋಡಿ ಮಕ್ಕಳೇ, ಗಿಡ ನೀರು ಕುಡಿಯುವುದನ್ನು ನಾವು ಕಣ್ಣಾರೆ ನೋಡುತ್ತಿದ್ದೇವೆ ಎಂಬ ಮಾತು ಅವಳು ಬರೆದದ್ದೇ. ದನಿ ಮಾತ್ರ ಬೇರೆ ಯಾರದೋ. ಸ್ಕ್ರಿಪ್ಟಿನಲ್ಲಿ ಸುಗಂಧರಾಜವನ್ನು ಹೊಡೆದುಹಾಕಿ, ನಿಮ್ಮ ಅಂಗಳದ ನಂದ್ಯಾರ್ವಟ್ಟಂ ಎಂದು ನಂದಿಬಟ್ಟಲಿನ ಮಲಯಾಳಂ ಹೆಸರು ಹಾಕಿ ತಿದ್ದಿದಳು. ಸಂಜೆ ಹಾಸ್ಟೆಲಿನಲ್ಲಿ ಕೈ ತೊಳೆಯುವಾಗ ಉಗುರಿನ ಸಂದಿಯ ಕೆಂಪು ಹೋಗಲಿಲ್ಲ. ಊಟಕ್ಕೆ ಕೂತಾಗ ಮರೆತೂ ಹೋಯಿತು.

ಮರೆಯುವುದು ಅವಳಿಗೆ ಸುಲಭವಾದದ್ದಕ್ಕೆ ಕಾರಣವಿತ್ತು. ಪಿಯುಸಿಯಲ್ಲಿ ಲೋಲಕದ ಪ್ರಯೋಗ ಇರುತ್ತದಲ್ಲ, ಅದರ ಉತ್ತರ ಒಂಬೈನೂರ ಎಂಬತ್ತರ ಆಸುಪಾಸಿಗೆ ಬರಬೇಕು. ಯಾರಿಗೂ ಬರುತ್ತಿರಲಿಲ್ಲ. ಉಡುಪಿಯ ಮನೆಯ ಮೆಟ್ಟಿಲ ಮೇಲೆ ಕೂತು, ಆಗ ಬಿಎಸ್ಸಿ ಓದುತ್ತಿದ್ದ ಸುಮಿತ್ರಳೇ ಅವಳಿಗೆ ಹೇಳಿಕೊಟ್ಟಿದ್ದಳು: ಮೊದಲು ಉತ್ತರ ಬರಿ, ಅಲ್ಲಿಂದ ಹಿಂದೆ ಹಿಂದೆ ಬಂದು ರೀಡಿಂಗು ಬರಿ, ನಡುವೆ ಒಂದೆರಡು ತಪ್ಪು ಬೇಕೂಂತ ಹಾಕು, ಇಲ್ಲದಿದ್ರೆ ಮಾಷ್ಟ್ರಿಗೆ ಸಂಶಯ ಬರ್ತದೆ. ಇಡೀ ಕಾಲೇಜು ಅದನ್ನು ಕುಕ್ ಮಾಡುವುದು ಎನ್ನುತ್ತಿತ್ತು. ಅಡುಗೆಯಷ್ಟೇ ಸಹಜವಾಗಿ ಎಲ್ಲರೂ ಮಾಡುತ್ತಿದ್ದರು. ರೆಕಾರ್ಡ್ ಪುಸ್ತಕದಲ್ಲಿ ಇಂದುಮತಿಗೆ ಹತ್ತಕ್ಕೆ ಹತ್ತು ಬಂದಿತ್ತು.

ಕಾಫಿಯ ಹೊತ್ತಿಗೆ ಭಾವ ಯಜ್ಞನಾರಾಯಣರು ಬ್ಯಾಂಕಿನಿಂದ ಬಂದರು. ಡೈರಿ ಅವರ ಕೈಗೂ ಹೋಯಿತು. ಓದಿ, ಕನ್ನಡಕ ತೆಗೆದು, "ಬಣ್ಣ ಒಣಗ್ಲಿಕ್ಕೆ ಬಿಡ್ಬೇಕಿತ್ತು. ಅದೊಂದು ಗಡಿಬಿಡಿ ಮಾಡಿದ್ಲು," ಎಂದರು.

"ನಿಮ್ಮ ಈ ತಮಾಷೆಯಿಂದಲೇ ಅವಳು ಹೀಗೆ ಆದದ್ದು," ಎಂದಳು ಸುಮಿತ್ರ. "ಉಳಿದ ಮೂವತ್ತೇಳು ಮಕ್ಕಳಿಗೆ ಬಂದಿದೆ. ಇವಳಿಗೊಬ್ಬಳಿಗೆ ಬರ್ಲಿಲ್ಲ. ತಾಳ್ಮೆ ಇಲ್ಲ, ಅಷ್ಟೇ. ಅಲ್ವನಾ ಇಂದು?"

ಇಂದುಮತಿಯ ಕೈಯಲ್ಲಿದ್ದ ಲೋಟ ಬಾಯಿಯ ತನಕ ಹೋಗಿ ನಿಂತಿತು. "ಎಷ್ಟು ಮಕ್ಕಳಿಗೆ?"

"ಮೂವತ್ತೇಳು. ಇವಳನ್ನು ಬಿಟ್ಟು ಎಲ್ಲರಿಗೂ. ಕಿಟಕಿಯ ಹತ್ರ ಸಾಲಾಗಿ ಇಟ್ಟಿದ್ದಾರಂತೆ."

ನಂದಿಬಟ್ಟಲಿನಲ್ಲಿ ಅದು ಒಬ್ಬರಿಗೂ ಬರುವಂಥದ್ದಲ್ಲ. ಇಂದುಮತಿ ಕಾಫಿಯನ್ನು ಕುಡಿಯದೆ ಕೆಳಗಿಟ್ಟಳು.

ಅನ್ವಿತಾಳ ಕೋಣೆಯ ಬಾಗಿಲು ಓರೆಯಾಗಿತ್ತು. ಹುಡುಗಿ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತು, ಯೂನಿಫಾರ್ಮಿನ ರಿಬ್ಬನ್ನನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

"ಅನ್ವೀ."

"ಎನಿಕ್ಕೊನ್ನುಂ ಕೇಳ್ಕಂಡ." ಅವಳಿಗೆ ಏನೂ ಕೇಳಬೇಕಾಗಿಲ್ಲವಂತೆ. ತಾಯಿಯ ಕನ್ನಡಕ್ಕೆ, ತಂದೆಯ ಕನ್ನಡಕ್ಕೆ, ಚಿಕ್ಕಿಯ ಕನ್ನಡಕ್ಕೆ ಅವಳು ಯಾವತ್ತೂ ಉತ್ತರ ಕೊಡುವುದು ಮಲಯಾಳಂನಲ್ಲೇ.

"ನಾನು ಬೈಲಿಕ್ಕೆ ಬಂದದ್ದಲ್ಲ."

"ಅಮ್ಮ ಹೇಳಿ ಕಳಿಸಿದ್ದು."

"ಹೌದು, ಅಮ್ಮ ಹೇಳಿದ್ದು. ಆದರೆ ಬೈಲಿಕ್ಕಲ್ಲ."

ಇಷ್ಟು ಹೇಳಿ ಇಂದುಮತಿ ಮೇಜಿನ ಮೇಲಿದ್ದ ವಿಜ್ಞಾನದ ನೋಟುಪುಸ್ತಕವನ್ನು ತೆರೆದಳು. ಕೊನೆಯ ಪುಟದಲ್ಲಿ ಒಂದು ಬಾಟಲಿ, ಬಾಟಲಿಯಲ್ಲಿ ಐದು ಎಸಳಿನ ಕೆಂಪು ಹೂವು. ಕೆಳಗೆ ಗುಂಡಗಿನ ಅಕ್ಷರದಲ್ಲಿ, ಹೂವು ಕೆಂಪಾಯಿತು. ಆ ಅಕ್ಷರಗಳ ಅಡಿಯಲ್ಲಿ ಹಾಳೆ ಮಾಸಿತ್ತು, ರಬ್ಬರು ಉಜ್ಜಿ ಉಜ್ಜಿ ತೆಳ್ಳಗಾಗಿತ್ತು. ಇಂದುಮತಿ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಪೆನ್ಸಿಲಿನ ಹಳೆಯ ತಗ್ಗುಗಳು ಒಂದೊಂದಾಗಿ ಕಾಣಿಸಿಕೊಂಡವು. ಸೋಮವಾರ, ಹೂವು ಬಿಳಿ. ಮಂಗಳವಾರ, ಹೂವು ಬಿಳಿ, ದಂಟಿನ ತುದಿಯಲ್ಲಿ ಹಾಲು. ಬುಧವಾರ, ಹಾಲು ಗಟ್ಟಿಯಾಗಿ ಅಂಟಿನ ಹಾಗೆ, ನೀರು ಹೋಗಲು ದಾರಿ ಇಲ್ಲ. ಪಕ್ಕದಲ್ಲಿ ಅಳಿಸಿದ ಒಂದು ಸಣ್ಣ ಚಿತ್ರ: ಕತ್ತರಿಸಿದ ದಂಟು, ಅದರ ಬಾಯಿಗೆ ಮುಚ್ಚಳದ ಹಾಗೆ ಒಂದು ಬೊಟ್ಟು.

ಒಂಬತ್ತು ವರ್ಷದ ಹುಡುಗಿ ಮೂರು ದಿನ ಬಾಲ್ಕನಿಯಲ್ಲಿ ಕೂತು ಕಂಡುಕೊಂಡದ್ದು ಇದು. ಕಂಡುಕೊಂಡು, ಅಳಿಸಿದ್ದು.

"ಇದನ್ನು ಯಾಕೆ ಅಳಿಸಿದ್ದು ನೀನು?"

ರಿಬ್ಬನ್ ಬೆರಳಿಗೆ ಒಂದು ಸುತ್ತು ಹೆಚ್ಚು ಬಿಗಿಯಾಯಿತು. "ಟೀವಿಯಲ್ಲಿ ಹಾಗಿಲ್ಲವಲ್ಲ."

"ಉಳಿದವರದ್ದು?"

ಅನ್ವಿತಾ ಮೊದಲ ಬಾರಿಗೆ ತಿರುಗಿ ಚಿಕ್ಕಿಯ ಮುಖ ನೋಡಿದಳು. ಇಷ್ಟು ದೊಡ್ಡವಳಿಗೆ ಇಷ್ಟೂ ಗೊತ್ತಿಲ್ಲವೇ ಎನ್ನುವ ನೋಟ. "ಎಲ್ಲರೂ ಹೂವಿಗೆ ಇಂಕು ಹಚ್ಚಿದ್ದು. ಇಂಕು ಒಣಗುತ್ತದೆ. ನಮ್ಮ ಮನೆಯ ಇಂಕೆಲ್ಲ ಬಾಟಲಿಗೆ ಹಾಕಿಯೇ ಮುಗಿದಿತ್ತು."

ಹೊರಗೆ ಯಾವುದೋ ಫ್ಲ್ಯಾಟಿನಲ್ಲಿ ಕುಕ್ಕರು ಕೂಗಿತು. ಇಂದುಮತಿ ಮಂಚದ ತುದಿಯಲ್ಲಿ ಕೂತಳು. ಹುಡುಗಿ ಹತ್ತಿರ ಸರಿದು, ಅವಳ ಬಲಗೈಯನ್ನು ಎತ್ತಿ, ಹೆಬ್ಬೆರಳಿನ ಬುಡದಲ್ಲಿದ್ದ ಕಪ್ಪು ಮಚ್ಚೆಯ ಮೇಲೆ ಬೆರಳಿಟ್ಟಳು.

"ಅದ್ ಚಿಕ್ಕಿಯುಡೆ ಕೈ ಅಲ್ಲೇ?"

ಸೀಡಿಯಲ್ಲಿರುವುದು ಚಿಕ್ಕಿಯ ಕೈಯಲ್ಲವೇ ಎಂದು. ಇಂದುಮತಿ ಹೌದೆಂದು ತಲೆಯಾಡಿಸಿದಳು.

"ನನಗೆ ಮೊದಲ ದಿನವೇ ಗೊತ್ತಾಯಿತು. ಮತ್ತೆ, ಮೊದಲನೇ ಹೂವಿನ ಒಂದು ಎಸಳಲ್ಲಿ ತೂತಿತ್ತು. ಹುಳ ತಿಂದದ್ದು. ಕೆಂಪು ಹೂವಲ್ಲಿ ತೂತಿಲ್ಲ. ಅದು ಬೇರೆ ಹೂವು." ಆರೋಪವಿರಲಿಲ್ಲ ಅವಳ ದನಿಯಲ್ಲಿ. ಎಣಿಕೆ ಒಪ್ಪಿಸುವ ಹಾಗಿತ್ತು.

"ಟೀಚರಿಗೆ ಹೇಳಿದ್ಯಾ?"

"ಇಲ್ಲ."

"ಯಾಕೆ?"

"ಹೇಳಿದರೆ ನಿಮ್ಮನ್ನೂ ನಿಲ್ಲಿಸ್ತಾರೆ," ಎಂದಳು ಅನ್ವಿತಾ. ಈ ಒಂದು ಮಾತನ್ನು ಕನ್ನಡದಲ್ಲೇ ಹೇಳಿದಳು, ಶಾಲೆಯವರು ಯಾರಿಗೂ ತಿಳಿಯಬಾರದು ಎಂಬಂತೆ.

ಇಂದುಮತಿಯ ಮುಖಕ್ಕೆ ಬಿಸಿ ಏರಿತು. ಕಿವಿಯ ತುದಿ, ಕತ್ತು, ಎಲ್ಲ ಉರಿಯಿತು. ಕೈ ಹಿಂದಕ್ಕೆ ಎಳೆದುಕೊಳ್ಳಬೇಕೆನಿಸಿತು. ಹುಡುಗಿ ಹಿಡಿದೇ ಇದ್ದಳು.

"ಬುದ್ಧಿ ಹೇಳಿ ಆಯ್ತಾ?" ಎಂದು ಸುಮಿತ್ರ ಅಡುಗೆಮನೆಯಿಂದ ಕೇಳಿದಳು.

"ಆಯ್ತು," ಎಂದಳು ಅನ್ವಿತಾ.

ಬೆಳಿಗ್ಗೆ ಅಕ್ಕ, ತಂಗಿ, ಅನ್ವಿತಾ ಮೂವರೂ ಶಾಲೆಗೆ ಹೊರಟರು. ಇಂದುಮತಿಯ ಬ್ಯಾಗಿನಲ್ಲಿ ಮೂರು ಫಾರಂ. ಇರುಳೆಲ್ಲ ಅವಳು ಬೇರೆ ಬೇರೆ ದಾರಿಗಳನ್ನು ಯೋಚಿಸಿದ್ದಳು. ಟೀಚರನ್ನು ಒಬ್ಬರೇ ಇರುವಾಗ ಕಂಡು ಹೇಳುವುದು. ತಿರುವನಂತಪುರಕ್ಕೆ ಹೋಗಿ, ಸೀಡಿಯಲ್ಲಿ ಒಂದು ತಾಂತ್ರಿಕ ದೋಷವಿದೆ ಎಂದು ಪತ್ರ ಬರೆಸುವುದು. ತಾಂತ್ರಿಕ ದೋಷ ಎಂಬ ಮಾತು ಹೊಳೆದಾಗ ಒಂದು ಗಳಿಗೆ ನೆಮ್ಮದಿಯಾಗಿತ್ತು. ಆ ನೆಮ್ಮದಿಗೂ ಆಮೇಲೆ ನಾಚಿಕೆಯಾಯಿತು. ಅಪಾರ್ಟ್‌ಮೆಂಟಿನ ಗೇಟಿನ ಬಳಿ ನಂದಿಬಟ್ಟಲು ಅರಳಿತ್ತು. ಕೆಳಗಿನ ಕೊಂಬೆಗಳು ಬೋಳು. ಮಕ್ಕಳ ಕೈಗೆ ಎಟುಕುವಷ್ಟೂ ಆ ವಾರ ಖಾಲಿಯಾಗಿತ್ತು. ಇಂದುಮತಿ ತುದಿಗಾಲಲ್ಲಿ ನಿಂತು ಮೇಲಿನದೊಂದು ಹೂವನ್ನು ದಂಟು ಸಮೇತ ಕಿತ್ತು ಕರ್ಚೀಫಿನಲ್ಲಿ ಸುತ್ತಿಕೊಂಡಳು.

"ಮುಡಿಲಿಕ್ಕಾ?" ಎಂದಳು ಸುಮಿತ್ರ. "ವಾಸನೆ ಇಲ್ಲದ ಹೂವು ಅದು."

ಮೇರಿ ಟೀಚರು ಇಂದುಮತಿ ಎಣಿಸಿದಂತೆ ಇರಲಿಲ್ಲ. ಐವತ್ತು ದಾಟಿದ ಹೆಂಗಸು, ಕಾಲು ಸ್ವಲ್ಪ ಎಳೆದು ನಡೆಯುವವರು, ಕಣ್ಣಲ್ಲಿ ನಿದ್ದೆಗೆಟ್ಟ ಆಯಾಸ. ಇವಳೇ ಸೀಡಿಯ ಇಂದುಮತಿ ಎಂದು ತಿಳಿದದ್ದೇ ಎರಡೂ ಕೈ ಹಿಡಿದುಕೊಂಡರು. ಇಪ್ಪತ್ತಾರು ವರ್ಷ ಚಾಕ್‌ಪೀಸಿನಲ್ಲಿ ಗಿಡ ಬರೆದು ಪಾಠ ಮಾಡಿದ್ದೇನೆ, ಮಕ್ಕಳು ಇಷ್ಟು ನಿಶ್ಶಬ್ದವಾಗಿ ಕೂತದ್ದನ್ನು ಈ ವರ್ಷವೇ ಕಂಡದ್ದು ಎಂದರು. ತನ್ನ ಡ್ರಾಯಿಂಗು ಎಷ್ಟು ಕೆಟ್ಟದೆಂದರೆ ಬೇರು ಯಾವುದು ಕೊಂಬೆ ಯಾವುದು ಎಂದು ಮಕ್ಕಳು ಕೇಳುತ್ತಿದ್ದರಂತೆ. ಕಾರಿಡಾರಿನಲ್ಲಿ ನಡೆಯುತ್ತಲೇ ಫಾರಂ ತೆಗೆದುಕೊಂಡು ಗೋಡೆಗೆ ಒತ್ತಿ ಬರೆದರು: ಮೂವತ್ತೆಂಟರಲ್ಲಿ ಮೂವತ್ತೇಳು. ಬರೆದಾದ ಮೇಲೆ ಸುಮಿತ್ರಳ ಕಡೆ ತಿರುಗಿ ದನಿ ತಗ್ಗಿಸಿದರು. "ಬೇಸರ ಮಾಡಿಕೊಳ್ಳಬೇಡಿ. ಒಳ್ಳೆಯ ಹುಡುಗಿ. ಪ್ರಯೋಗ ಸರಿಯಾಗದಿದ್ದರೆ ನಾನೇನೂ ಅನ್ನುತ್ತಿರಲಿಲ್ಲ. ಸುಳ್ಳು ಮಾಡಿದಳಲ್ಲ, ಅದಕ್ಕೆ."

"ಗೊತ್ತು ಟೀಚರ್," ಎಂದಳು ಸುಮಿತ್ರ, ನೆಲ ನೋಡುತ್ತ. "ನಮಗೂ ಮುಖ ಎತ್ತಲಿಕ್ಕೆ ಆಗುದಿಲ್ಲ."

ಮುಖ ಎತ್ತಲಾಗದೆ ಇರಬೇಕಾದವಳು ತಾನು ಎಂದು ಹೇಳುವುದಕ್ಕೆ ಇಂದುಮತಿಗೆ ಅದಕ್ಕಿಂತ ಒಳ್ಳೆಯ ಸಮಯ ಸಿಗುವಂತಿರಲಿಲ್ಲ. ತರಗತಿಯ ಬಾಗಿಲು ಇನ್ನೂ ಹತ್ತು ಹೆಜ್ಜೆ ದೂರವಿತ್ತು.

"ಟೀಚರ್, ಒಂದು ಮಾತು," ಎಂದಳು. ಮಲಯಾಳಂನಲ್ಲಿ ಶುರುಮಾಡಿ, ಅಲ್ಲಲ್ಲಿ ಇಂಗ್ಲಿಷು ಸೇರಿಸಿ, ನಿಧಾನವಾಗಿ ಹೇಳಿದಳು. "ಆ ಸೀಡಿಯಲ್ಲಿರುವ ಹೂವಿಗೂ ಬಣ್ಣ ಹಚ್ಚಿದ್ದೇ. ನಾನೇ ಹಚ್ಚಿದ್ದು. ಆ ಹೂವಿನಲ್ಲಿ ಈ ಪ್ರಯೋಗ ಬರುವುದಿಲ್ಲ."

ಮೇರಿ ಟೀಚರು ನಿಂತರು. ಅವಳ ಮುಖವನ್ನೂ ಸುಮಿತ್ರಳ ಮುಖವನ್ನೂ ನೋಡಿದರು. ಆಮೇಲೆ ಅವರ ಮುಖದಲ್ಲಿ ಒಂದು ನಗು ಹರಡಿತು, ಅಮ್ಮಂದಿರ ನಗು. ಇಂದುಮತಿಯ ಕೆನ್ನೆ ತಟ್ಟಿದರು.

"ಅಕ್ಕನ ಮಗಳೆಂದರೆ ಇಷ್ಟು ಪ್ರೀತಿಯೇ? ಅವಳನ್ನು ಉಳಿಸಲಿಕ್ಕೆ ನಿನ್ನ ಕೆಲಸವನ್ನೇ ಸುಳ್ಳು ಎನ್ನುತ್ತೀಯಲ್ಲ ಮಗಳೇ. ಬರುವುದಿಲ್ಲ ಎಂದರೆ ಇಷ್ಟು ಮಕ್ಕಳಿಗೆ ಹೇಗೆ ಬಂತು? ಒಳಗೆ ಬಾ, ನೋಡು."

"ಏ ಇಂದು, ಎಂತ ಹೇಳ್ತಿ ನೀನು?" ಸುಮಿತ್ರ ಕನ್ನಡದಲ್ಲಿ ಪಿಸುಗುಟ್ಟಿ ತಂಗಿಯ ಮೊಣಕೈ ಹಿಡಿದಳು. "ಮಂಡೆ ಸಮ ಇಲ್ವಾ? ನಿನ್ನ ಕೆಲಸದ ಕತೆ ಎಂತ ಆಗ್ಬೇಕು?"

"ನಿಜವೇ ಹೇಳಿದ್ದು ಅಕ್ಕ."

ಸುಮಿತ್ರ ಮೊಣಕೈ ಬಿಡಲಿಲ್ಲ. ಆದರೆ ಹಿಡಿತ ಸಡಿಲವಾಯಿತು. ಅವಳಿಗೂ ಉಡುಪಿಯ ಮನೆಯ ಮೆಟ್ಟಿಲು ನೆನಪಾದಂತಿತ್ತು.

ತರಗತಿಯಲ್ಲಿ ಮಕ್ಕಳೆಲ್ಲ ಎದ್ದು ರಾಗವಾಗಿ ಗುಡ್ ಮಾರ್ನಿಂಗ್ ಹೇಳಿ ಕೂತರು. ಒಂದು ಮೂಲೆಯಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಟೀವಿ, ಅದಕ್ಕೆ ಕಸೂತಿ ಹಾಕಿದ ಬಟ್ಟೆಯ ಮುಸುಕು. ಕಿಟಕಿಯ ಕಟ್ಟೆಯ ಉದ್ದಕ್ಕೂ ಬಾಟಲಿಗಳು. ಹಾರ್ಲಿಕ್ಸ್ ಬಾಟಲಿ, ಉಪ್ಪಿನಕಾಯಿಯ ಬಾಟಲಿ, ಕತ್ತರಿಸಿದ ನೀರಿನ ಬಾಟಲಿ. ಪ್ರತಿಯೊಂದಕ್ಕೂ ಹೆಸರಿನ ಚೀಟಿ. ಪ್ರತಿಯೊಂದರಲ್ಲೂ ಒಂದು ಕೆಂಪು ನಂದಿಬಟ್ಟಲು. ಒಂದು ದಿನ ಹಳತಾಗಿ ಅಂಚು ಮುದುಡಿದ್ದರೂ ಕೆಂಪು. ಎಲ್ಲದರಲ್ಲೂ ಬಣ್ಣ ಬುಡದಲ್ಲಿ ದಟ್ಟ, ಅಂಚಿಗೆ ತೆಳು. ನರಗಳ ಗುಂಟ. ಇಂದುಮತಿ ಹಚ್ಚಿದ ಹಾಗೆಯೇ, ಎಸಳಿಗೆ ಎಸಳು. ಮಕ್ಕಳು ಎಷ್ಟು ಗಮನವಿಟ್ಟು ನೋಡಿದ್ದರೆಂದು ಆ ಸಾಲು ಹೇಳುತ್ತಿತ್ತು.

ಟೀಚರ ಮೇಜಿನ ಮೇಲೆ ಬೇರೆಯಾಗಿ ಒಂದೇ ಬಾಟಲಿ. ಅದರ ಹೂವಿನ ಬಣ್ಣ ಹಕ್ಕಳೆ ಎದ್ದು ಉದುರಿತ್ತು.

"ಇವರು ಯಾರು ಗೊತ್ತೇ? ನಮ್ಮ ಪಾಠ ಮಾಡಿದ ಮಿಸ್," ಎಂದು ಮೇರಿ ಟೀಚರು ಮಕ್ಕಳಿಗೆ ಹೇಳಿದರು. "ವಿಜ್ಞಾನದಲ್ಲಿ ಯಾಕೆ ನಿಜವನ್ನೇ ಹೇಳಬೇಕು ಎಂದು ಇವರು ಎರಡು ಮಾತು ಹೇಳುತ್ತಾರೆ. ಎಲ್ಲರೂ ಕೇಳಿ. ಅನ್ವಿತಾ, ನೀನೂ."

ಕೊನೆಯ ಬೆಂಚಿನಲ್ಲಿ ಅನ್ವಿತಾ ತಲೆ ತಗ್ಗಿಸಿ ಕೂತಿದ್ದಳು. ಉಳಿದ ಮೂವತ್ತೇಳು ಜೊತೆ ಕಣ್ಣುಗಳು ಇಂದುಮತಿಯ ಮೇಲಿದ್ದವು. ಆ ಕಣ್ಣುಗಳಲ್ಲಿ ಕುತೂಹಲವಿರಲಿಲ್ಲ, ಹೆದರಿಕೆಯಿತ್ತು. ಪಾಠ ಮಾಡಿದವಳಿಗೆ ಎಲ್ಲ ಗೊತ್ತಿರುತ್ತದೆ, ಈಗ ಒಂದೊಂದೇ ಬಾಟಲಿ ಎತ್ತಿ ಹೆಸರು ಓದುತ್ತಾಳೆ ಎಂಬ ಹೆದರಿಕೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡಳು. ಅವಳ ಪಕ್ಕದವನೂ.

ಹೇಳಬೇಕಾದದ್ದನ್ನು ಇಂದುಮತಿ ಆಗಲೇ ಹೇಳಿಯಾಗಿತ್ತು, ನಂಬುವವರಿರಲಿಲ್ಲ. ನಂಬಿಸಬೇಕಾದರೆ ಒಂದೇ ಕೆಲಸ. ಕಟ್ಟೆಯಿಂದ ಯಾವುದಾದರೂ ಹೂವನ್ನೆತ್ತಿ ನೀರಿನಲ್ಲಿ ಅದ್ದಿದರೆ ಸಾಕು, ಇಂಕು ಬಿಡುತ್ತಿತ್ತು. ಆದರೆ ಯಾವ ಬಾಟಲಿಯಾದರೂ ಅದರ ಮೇಲೆ ಒಂದು ಮಗುವಿನ ಹೆಸರಿತ್ತು.

ಅವಳು ಬ್ಯಾಗಿನಿಂದ ಕರ್ಚೀಫು ತೆಗೆದು ಬಿಡಿಸಿದಳು. ಬಿಳಿ ಹೂವಿನ ದಂಟಿನ ತುದಿಯಲ್ಲಿ ಹಾಲು ಒಣಗಿ ಮುತ್ತಿನಷ್ಟು ಗಟ್ಟಿಯಾಗಿತ್ತು.

"ಅನ್ವೀ," ಎಂದಳು ಕನ್ನಡದಲ್ಲಿ. "ನಿನ್ನ ಕುಂಚ ತಾ. ಬಣ್ಣದ ಡಬ್ಬಿಯನ್ನೂ."

ಅಂದು ಡ್ರಾಯಿಂಗ್ ಪೀರಿಯಡ್ ಇತ್ತು. ಅನ್ವಿತಾ ಬ್ಯಾಗು ತೆರೆದಳು. ಬೆಂಚುಗಳ ನಡುವೆ ನಡೆದುಬಂದು, ಡಬ್ಬಿಯನ್ನು ಮೇಜಿನ ಮೇಲಿಟ್ಟು, ಹಿಂದಕ್ಕೆ ಹೋಗದೆ ಅಲ್ಲೇ ನಿಂತಳು.

ಇಂದುಮತಿ ಕುಂಚವನ್ನು ಟೀಚರ ಲೋಟದ ನೀರಿನಲ್ಲಿ ನೆನೆಸಿ ಕೆಂಪಿನ ಬಿಲ್ಲೆಗೆ ತಾಗಿಸಿದಳು. ಎಸಳಿನ ಬುಡದಲ್ಲಿ ತುದಿಯನ್ನು ಒತ್ತಿ, ನರದ ಗುಂಟ ಹೊರಕ್ಕೆ ಎಳೆದಳು. "ಈಗ ನೋಡಿ ಮಕ್ಕಳೇ," ಎಂದಳು, ಸೀಡಿಯಲ್ಲಿದ್ದ ಅದೇ ಇಂಗ್ಲಿಷಿನಲ್ಲಿ. "ಗಿಡ ನೀರು ಕುಡಿಯುವುದನ್ನು ನಾವು ಕಣ್ಣಾರೆ ನೋಡುತ್ತಿದ್ದೇವೆ." ಒಂದು ಎಸಳು. ಎರಡು. ಮೂರನೆಯದಕ್ಕೆ ಬರುವ ಹೊತ್ತಿಗೆ ಹಿಂದೆ ಕೂತಿದ್ದವರು ಬೆಂಚಿನ ಮೇಲೆ ಮೊಣಕಾಲೂರಿ ಎದ್ದರು. ಐದನೆಯ ಎಸಳು ಮುಗಿದ ಮೇಲೆ ಕುಂಚವನ್ನು ಅನ್ವಿತಾಳ ಕೈಗೆ ಕೊಟ್ಟು, ಮೇಜಿನ ಮೇಲಿದ್ದ ಬಾಟಲಿಯಿಂದ ಹಕ್ಕಳೆ ಹೂವನ್ನು ತೆಗೆದು ಅದರ ಜಾಗದಲ್ಲಿ ತನ್ನದನ್ನು ಇಟ್ಟಳು. ಹಕ್ಕಳೆ ಹೂವನ್ನು ಕರ್ಚೀಫಿನಲ್ಲಿ ಸುತ್ತಿಕೊಂಡಳು. ಬಾಟಲಿಯನ್ನು ಕಿಟಕಿಯ ಕಟ್ಟೆಗೆ ಒಯ್ದು ಸಾಲಿನ ತುದಿಯಲ್ಲಿ ಇಟ್ಟು, ನಡುವೆ ಸಂದಿ ಉಳಿಯದಂತೆ ಸರಿಸಿದಳು.

ಮೂವತ್ತೆಂಟು ಆಯಿತು. ತುದಿಯದರಿಂದ ಒಂದು ಹನಿ ಕೆಂಪು ನೀರು ಕಟ್ಟೆಗೆ ಬಿತ್ತು. ಅದೊಂದನ್ನು ಬಿಟ್ಟರೆ ಬಣ್ಣದಲ್ಲಿ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಸುಮಿತ್ರ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ಮೇರಿ ಟೀಚರು ಆ ಸಾಲನ್ನು ತುದಿಯಿಂದ ತುದಿಗೆ ನೋಡಿದರು. ಆಮೇಲೆ ಕಾಲೆಳೆಯುತ್ತ ಕಿಟಕಿಯ ಕಡೆಗೆ ಬಂದು, ಸಾಲಿನ ಮೊದಲ ಹೂವಿನ ಬಣ್ಣ ಕೈಗೆ ಅಂಟುತ್ತದೋ ನೋಡಲೆಂಬಂತೆ ತೋರುಬೆರಳು ಚಾಚಿದರು. ಆ ಬೆರಳಿನ ಉಗುರಿನ ಸಂದಿಯಲ್ಲಿ ನಿನ್ನೆಯ ಕೆಂಪು ಇನ್ನೂ ಇತ್ತು. ಮೂವತ್ತೆಂಟು ಮಕ್ಕಳು ಆ ಬೆರಳನ್ನೇ ನೋಡಿದರು.

ಎಸಳಿಗೆ ತಾಗುವ ಮೊದಲೇ, ಬಾಟಲಿಯ ಮೇಲಿನ ಹೆಸರನ್ನು ನೋಡಿ, ಟೀಚರು ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಸೆರಗಿನೊಳಗೆ ಇಟ್ಟುಕೊಂಡರು.